ಅಮ್ಮೆ ಆಗಬೇಕಿದ್ದವನು ಪಪ್ಪ ಆದ ಕತೆ

ನನ್ನ ಮಗಳ ಬಾಯಿಗೆ ಮೊದಲು ಬಂದ ತುಳು ಪದ ‘ಬೊಡ್ಚಿ’. ಬೇಡ ಅಂತ ಅರ್ಥ. ಒಂದೂವರೆ ವರ್ಷದವಳಿದ್ದಾಗ ರಾಗಿ ಸರಿಯ ಬಟ್ಟಲು ಕಂಡ ಕೂಡಲೇ ಮುಖ ತಿರುಗಿಸಿ ‘ಬೊಚ್ಚಿ, ಬೊಚ್ಚಿ’ ಅನ್ನುತ್ತಿದ್ದಳು. ನನಗೆ ಹಿಗ್ಗೋ ಹಿಗ್ಗು. ಕಾರ್ಕಳಕ್ಕೆ ಫೋನ್ ಮಾಡಿ ಅಮ್ಮನಿಗೆ ಕೇಳಿಸಿದ್ದೆ. ತಾಯಿ ಧಾರವಾಡದವಳು, ಹುಟ್ಟಿದ್ದು ಬೆಂಗಳೂರಿನಲ್ಲಿ, ಆದರೂ ಮಗು ತುಳುವಿನಲ್ಲಿ ಬೇಡ ಅನ್ನುತ್ತಿದೆ! ಇನ್ನೇನು ಚಿಂತೆ ಅಂದುಕೊಂಡೆ.

ಅದು 2014ರ ಮಾತು. ಐದಾರು ವರ್ಷ ಕಳೆಯುವುದರೊಳಗೆ ಅದೇ ಮಗಳು ಫೋನನ್ನು ನನ್ನ ಕೈಗೆ ತುರುಕಿ ‘ಪಪ್ಪಾ, ಅಜ್ಜಿ ಏನೋ ಕೇಳ್ತಿದ್ದಾರೆ, ನೀನೇ ಮಾತಾಡು’ ಅನ್ನುವ ಹಾಗಾಗಿದ್ದಳು. ಅಜ್ಜಿ ಕೇಳಿದ್ದು ಏನು? ‘ಒಣಸ್ ಆಂಡಾ ಬಾಲೆ?’ ಊಟ ಆಯ್ತಾ ಮಗೂ? ಅಷ್ಟೇ. ತುಳುವಿನಲ್ಲಿ ಇದಕ್ಕಿಂತ ಸುಲಭದ ವಾಕ್ಯ ಇಲ್ಲ. ನಾನು ಫೋನ್ ಕಿವಿಗೆ ಇಟ್ಟುಕೊಂಡು ‘ಆಂಡ್ ಅಮ್ಮ, ಆಂಡ್’ ಅಂದೆ. ಮಗಳು ಆಗಲೇ ಟಿವಿ ಮುಂದೆ ಹೋಗಿ ಕೂತಿದ್ದಳು.

ನಮ್ಮ ಮನೆಯ ಭಾಷೆಗಳ ಲೆಕ್ಕ ಹೇಳಿಬಿಡುತ್ತೇನೆ. ನನ್ನದು ಕಾರ್ಕಳದ ಹತ್ತಿರದ ಹಳ್ಳಿ, ಮನೆಮಾತು ತುಳು. ಹೆಂಡತಿಯದು ಧಾರವಾಡ, ಮನೆಮಾತು ಅಲ್ಲಿಯ ಕನ್ನಡ. ನಾವಿಬ್ಬರೂ ಆಡುವುದು ಕನ್ನಡ. ನನ್ನದು ಕರಾವಳಿಯ ಶಾಲೆಯಲ್ಲಿ ಕಲಿತ ಇಸ್ತ್ರಿ ಹಾಕಿದ ಕನ್ನಡ, ಅವಳದು ಗಂಜಿ ಹಾಕದ ಕಾಟನ್ ಸೀರೆಯಂಥ ಕನ್ನಡ. ಮದುವೆಯಾದ ಹೊಸತರಲ್ಲಿ ಅವಳು ‘ಇವತ್ತ ಪುಂಡಿ ಪಲ್ಯ ಮಾಡೇನಿ’ ಅಂದಾಗ ನಾನು ಅಕ್ಕಿ ಉಂಡೆಗೆ ಪಲ್ಯ ಯಾಕಪ್ಪಾ ಅಂತ ಯೋಚಿಸಿದ್ದೆ. ನಮ್ಮ ಕಡೆ ಪುಂಡಿ ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ. ಅವರ ಕಡೆ ಹುಳಿ ಸೊಪ್ಪು. ಇಬ್ಬರು ಮಕ್ಕಳಿಗೆ ಈಗ ಹನ್ನೆರಡು ಮತ್ತು ಎಂಟು. ಶಾಲೆಯಲ್ಲಿ ಇಂಗ್ಲಿಷ್, ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ತುಳು ಇರುವುದು ನನ್ನಲ್ಲಿ ಮತ್ತು ಫೋನಿನಲ್ಲಿ.

ಇನ್ನೊಂದು ವಿಷಯ. ತುಳುವಿನಲ್ಲಿ ತಾಯಿಗೆ ಅಪ್ಪೆ, ತಂದೆಗೆ ಅಮ್ಮೆ. ಕನ್ನಡದವರಿಗೆ ಇದನ್ನು ಹೇಳಿದಾಗಲೆಲ್ಲ ಒಂದು ನಗು ಗ್ಯಾರಂಟಿ. ನನ್ನ ಅಪ್ಪ ತನ್ನ ತಂದೆಯನ್ನು ‘ಅಮ್ಮೆರ್’ ಅನ್ನುತ್ತಿದ್ದರು. ನಾನು ನನ್ನ ತಂದೆಯನ್ನು ಪಪ್ಪ ಅಂದೆ, ತಾಯಿಯನ್ನು ಅಮ್ಮ ಅಂದೆ. ನಮ್ಮ ಊರಿನಲ್ಲಿ ನನ್ನ ವಯಸ್ಸಿನ ತುಂಬಾ ಜನ ಹಾಗೇ. ಆಮೇಲೆ ನಾನೂ ಪಪ್ಪ ಆದೆ. ಧಾರವಾಡದ ಮಾವನ ಎದುರು ಮಗಳು ನನ್ನನ್ನು ‘ಅಮ್ಮೆ’ ಅಂತ ಕರೆದರೆ ಹೇಗಿರುತ್ತದೆ ಅಂತ ಊಹಿಸಿ ನಾನೇ ಹಿಂದೆ ಸರಿದೆ. ಮೊದಲು ಬಿಟ್ಟುಕೊಟ್ಟದ್ದು ಇದೇ ಪದ. ಬಿಟ್ಟದ್ದು ನಾನೇ, ಮಕ್ಕಳಲ್ಲ.

ತುಳು ಹೋದದ್ದು ಯಾವತ್ತು ಅಂತ ಹುಡುಕಿದರೆ ಒಂದು ದಿನ ಸಿಗುವುದಿಲ್ಲ. ಮಗಳು ಮೂರು ವರ್ಷ ಆಗುವವರೆಗೂ ನಾನು ಅವಳ ಜೊತೆ ತುಳುವಿನಲ್ಲೇ ಮಾತಾಡುತ್ತಿದ್ದೆ. ಆಮೇಲೆ ಪ್ಲೇ ಹೋಮ್ ಬಂತು. ಅಲ್ಲಿಯ ಟೀಚರ್ ಮನೆಯಲ್ಲಿ ಸ್ವಲ್ಪ ಇಂಗ್ಲಿಷ್ ಮಾತಾಡಿ, ಮಗು ಗೊಂದಲ ಆಗ್ತಾಳೆ ಅಂದರು. ಅವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ನಿಜವಾದ ಕಾರಣ ಬೇರೆ. ರಾತ್ರಿ ಎಂಟಕ್ಕೆ ಆಫೀಸಿನಿಂದ ಬಂದವನು ‘ಕೈ ದೆಕ್ಕ್‌ದ್ ಬಲ’ ಅಂತ ಎರಡು ಸಲ ಹೇಳಬೇಕಿತ್ತು. ‘ಕೈ ತೊಳ್ಕೊಂಡು ಬಾ’ ಅಂದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತಿತ್ತು. ಆ ಎರಡನೇ ಸಲ ಹೇಳುವ ತಾಳ್ಮೆ ನನಗೆ ಇರಲಿಲ್ಲ. ಅಷ್ಟೇ ಕತೆ. 2017ರಲ್ಲಿ ಮಗ ಹುಟ್ಟಿದಾಗ ಅಕ್ಕ ಅವನನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಮುದ್ದು ಮಾಡಿದಳು. ಅವನಿಗೆ ‘ಬೊಡ್ಚಿ’ ಕೂಡ ಬರಲಿಲ್ಲ. ‘ನೋ’ ಬಂತು.

ನಾನು ಓದಿದ್ದು ಊರಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಅಲ್ಲಿ ತುಳು ಮಾತಾಡಿದರೆ ಇಪ್ಪತ್ತೈದು ಪೈಸೆ ದಂಡ. ದಂಡ ಹಾಕುತ್ತಿದ್ದ ಮೇಷ್ಟ್ರ ಮನೆಮಾತೂ ತುಳುವೇ. ಸಂಜೆ ಮೀನಿನ ಅಂಗಡಿಯಲ್ಲಿ ಸಿಕ್ಕರೆ ಅವರು ನಮ್ಮ ಜೊತೆ ತುಳುವಿನಲ್ಲೇ ಮಾತಾಡುತ್ತಿದ್ದರು. ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಪಾಠಕ್ಕೆ ಕನ್ನಡ, ಬಂಗುಡೆಗೆ ತುಳು. ಎರಡಕ್ಕೂ ಅದರದ್ದೇ ಜಾಗ ಇತ್ತು. ನನ್ನ ಮಕ್ಕಳಿಗೆ ಬಂಗುಡೆಯ ಜಾಗದಲ್ಲಿ ಏನೂ ಉಳಿದಿಲ್ಲ ಅನ್ನುವುದು ನನಗೆ ಹೊಳೆದದ್ದು ತುಂಬಾ ತಡವಾಗಿ.

2020ರ ಲಾಕ್‌ಡೌನ್ ಸಡಿಲವಾದ ಮೇಲೆ ನಾಲ್ಕೈದು ತಿಂಗಳು ಊರಿನಿಂದಲೇ ಕೆಲಸ ಮಾಡಿದೆ. ಈಗ ಮಕ್ಕಳಿಗೆ ತುಳು ತಾನಾಗೇ ಬರುತ್ತದೆ ಅಂತ ಖುಷಿಪಟ್ಟೆ. ಬರಲಿಲ್ಲ. ಪಕ್ಕದ ಮನೆಯ ಮಕ್ಕಳು, ನನ್ನ ಅಣ್ಣನ ಮಕ್ಕಳು, ಎಲ್ಲರೂ ನನ್ನ ಮಗಳನ್ನು ಕಂಡ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. ಅವಳು ಪಟ್ಟಣದವಳು, ಪಾಪ, ಅರ್ಥ ಆಗ್ಲಿಕ್ಕಿಲ್ಲ ಅಂತ. ಇದು ನಮ್ಮ ಕಡೆಯ ಮರ್ಯಾದೆ. ಹತ್ತು ಜನ ತುಳುವರ ನಡುವೆ ತುಳು ಬಾರದ ಒಬ್ಬರು ಬಂದು ಕೂತರೆ ಹತ್ತೂ ಜನ ಕನ್ನಡ ಶುರು ಮಾಡುತ್ತಾರೆ. ನಮಗೆ ಅದರ ಬಗ್ಗೆ ಹೆಮ್ಮೆಯೂ ಇದೆ. ಆ ಮರ್ಯಾದೆಯನ್ನು ಸ್ವಂತ ಮೊಮ್ಮಕ್ಕಳಿಗೂ ತೋರಿಸಲು ಶುರು ಮಾಡಿದ್ದೇವೆ ಅಂತ ಆ ಮಳೆಗಾಲದಲ್ಲಿ ಕಂಡೆ.

ಯಾಕೆಂದರೆ ಆ ಹೊತ್ತಿಗೆ ಅಮ್ಮನೂ ಕನ್ನಡಕ್ಕೆ ಬಂದಾಗಿತ್ತು. ಫೋನ್ ನನ್ನ ಕೈಗೆ ವಾಪಸ್ ಬಂದದ್ದು ಅವರಿಗೆ ಎಲ್ಲೋ ಚುಚ್ಚಿರಬೇಕು. ‘ನೀನು ಊಟ ಮಾಡಿದ್ದೀಯಾ ಮಗಾ? ಶಾಲೆಯಲ್ಲಿ ಏನು ಪಾಠ ಮಾಡಿದ್ದಾರೆ?’ ಅಂತ ಪುಸ್ತಕದ ಕನ್ನಡದಲ್ಲಿ ಕೇಳಲು ಶುರು ಮಾಡಿದರು. ಅಮ್ಮ ಓದಿದ್ದು ಐದನೇ ಕ್ಲಾಸು. ಆ ಐದು ವರ್ಷದ ಕನ್ನಡವನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಕ್ಕಳ ಮುಂದೆ ಇಟ್ಟಿದ್ದರು. ಮಕ್ಕಳು ನಗುತ್ತಿದ್ದರು. ‘ಅಜ್ಜಿ ನಮ್ ಟೆಕ್ಸ್ಟ್‌ಬುಕ್ ಥರ ಮಾತಾಡ್ತಾರೆ.’

ಒಂದು ಸಂಜೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಅಮ್ಮನಿಗೆ ಹೇಳಿದೆ. ಮಕ್ಕಳ ಹತ್ತಿರ ಕನ್ನಡ ಮಾತಾಡಬೇಡ, ತುಳುವಿನಲ್ಲೇ ಮಾತಾಡು ಅಂತ. ನಾನು ಹೇಳಿದ ರೀತಿ ಸರಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಮ್ಮ ಎಲೆ ಕತ್ತರಿಸುವುದನ್ನು ನಿಲ್ಲಿಸಿದರು. ‘ಎಂಕ್ ಕನ್ನಡ ಬರ್ಪುಜಿಂದ್ ಪನ್ಪನಾ?’ ಅಂದರು. ನನಗೆ ಕನ್ನಡ ಬರೋದಿಲ್ಲ ಅಂತೀಯಾ?

ಅವರಿಗೆ ಅನ್ನಿಸಿದ್ದು ಅದೇ. ಧಾರವಾಡದ ಸೊಸೆ, ಬೆಂಗಳೂರಿನ ಮೊಮ್ಮಕ್ಕಳು. ಅವರ ಎದುರು ತನ್ನ ಕನ್ನಡ ನಾಚಿಕೆಯ ವಿಷಯ, ಅದಕ್ಕೇ ಮಗ ಬಾಯಿ ಮುಚ್ಚಿಸುತ್ತಿದ್ದಾನೆ ಅಂತ. ನಾನು ಎಷ್ಟು ವಿವರಿಸಿದರೂ ಕೇಳಲಿಲ್ಲ. ಎರಡು ದಿನ ಮಕ್ಕಳ ಜೊತೆ ಯಾವ ಭಾಷೆಯಲ್ಲೂ ಜಾಸ್ತಿ ಮಾತಾಡಲಿಲ್ಲ. ಮೂರನೇ ದಿನ ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳು. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ ‘ನಿಮಗ ಮಾತಾಡಾಕ ಬರೂದಿಲ್ಲ, ತುಳುವಿನ್ಯಾಗೂ ಬರೂದಿಲ್ಲ’ ಅಂದಳು. ಅಮ್ಮ ಸ್ವಲ್ಪ ಸ್ವಲ್ಪವಾಗಿ ತುಳುವಿಗೆ ಮರಳಿದರು. ಆದರೆ ಮಕ್ಕಳ ಹಣೆ ಗಂಟಾಗುವುದು ಕಂಡರೆ ಇವತ್ತಿಗೂ ಕನ್ನಡ ತೆಗೆದುಬಿಡುತ್ತಾರೆ. ಆ ಮರ್ಯಾದೆ ಬಿಡುವುದು ಕಷ್ಟ.

ಬೆಂಗಳೂರಿಗೆ ವಾಪಸ್ ಬಂದು ಎರಡು ಮೂರು ವರ್ಷ ಕಳೆದ ಮೇಲೆ ನಾನು ಒಂದು ಕಾನೂನು ತಂದೆ. ಪಪ್ಪನ ಜೊತೆ ತುಳು ಮಾತ್ರ. ಇದು ನನ್ನ ಸ್ವಂತ ಐಡಿಯಾ ಅಲ್ಲ. ಒಬ್ಬ ಪಾಲಕರಿಗೆ ಒಂದೇ ಭಾಷೆ ಅನ್ನುವ ಪದ್ಧತಿ ಹಳೆಯದು. ಫ್ರಾನ್ಸಿನ ಜೂಲ್ ರೊಂಜಾ ಅನ್ನುವ ಭಾಷಾತಜ್ಞ ಮಗನ ಜೊತೆ ಫ್ರೆಂಚ್ ಮಾತ್ರ, ಹೆಂಡತಿ ಜರ್ಮನ್ ಮಾತ್ರ ಆಡಿ, 1913ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ಅವನಿಗೆ ಆಗಿದ್ದು ನನಗೆ ಯಾಕೆ ಆಗಬಾರದು ಅಂದುಕೊಂಡೆ.

ಸೋಮವಾರ ಶುರು ಮಾಡಿದೆ. ಮಗಳು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಏನಾದರೂ ಬೇಕಾದರೆ ತನ್ನ ಅಮ್ಮನಿಗೆ ಹೇಳಿ ನನಗೆ ಹೇಳಿಸುತ್ತಿದ್ದಳು. ಬುಧವಾರ ಗಣಿತದ ಹೋಂವರ್ಕ್ ಹಿಡಿದುಕೊಂಡು ಬಂದು, ಬೇಕೆಂದೇ ಇರಬೇಕು, ‘ತೊಂಬತ್ತಕ್ಕೆ ತುಳುವಿನಲ್ಲಿ ಏನು?’ ಅಂದಳು. ಒಂಜಿ, ರಡ್ಡ್, ಮೂಜಿ, ನಾಲ್, ಐನ್ ಅಂತ ನಾನು ನೀರು ಕುಡಿದ ಹಾಗೆ ಹೇಳಬಲ್ಲೆ. ಇರ್ವ, ಮುಪ್ಪ, ನಾಲ್ಪ, ಐವ ಕೂಡ ಬಂತು. ತೊಂಬತ್ತು ಬರಲಿಲ್ಲ. ಬಾಯಿ ತೆರೆದು ನಿಂತೆ. ಅಮ್ಮನಿಗೆ ಫೋನ್ ಮಾಡಿದೆ. ‘ಸೊಣ್ಪ’ ಅಂದರು. ಕೇಳಿದ ಮೇಲೆ, ಹೌದಲ್ವಾ, ನನ್ನ ಅಜ್ಜಿ ತೆಂಗಿನಕಾಯಿ ಲೆಕ್ಕ ಹಾಕುವಾಗ ಹೇಳುತ್ತಿದ್ದದ್ದು ಇದೇ ಅಂತ ನೆನಪಾಯಿತು. ಎಷ್ಟೋ ವರ್ಷದಿಂದ ಆ ಪದ ನನ್ನ ಬಾಯಿಂದ ಹೊರಗೆ ಬಂದೇ ಇರಲಿಲ್ಲ.

ಆ ವಾರ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ನಾನು ಕಾಲೇಜಿಗೆ ಅಂತ ಊರು ಬಿಟ್ಟಾಗ ನನಗೆ ಹದಿನೇಳು. ನನ್ನ ತುಳುವಿಗೂ ಹದಿನೇಳೇ. ಅದು ಅಲ್ಲೇ ನಿಂತುಬಿಟ್ಟಿದೆ. ಬೈಯಲು ಬೇಕಾದ್ದೆಲ್ಲ ಇದೆ. ಮೀನು, ಮಳೆ, ಕ್ರಿಕೆಟ್, ಹಸಿವು ಎಲ್ಲಕ್ಕೂ ಮಾತಿದೆ. ಆದರೆ ಹತ್ತು ವರ್ಷದ ಹುಡುಗಿ ಗೆಳತಿಯ ಜೊತೆ ಜಗಳವಾಡಿ ಅಳುತ್ತಾ ಬಂದರೆ, ಒಬ್ಬ ಅಪ್ಪ ಏನು ಹೇಳಬೇಕೋ ಅದು ನನಗೆ ತುಳುವಿನಲ್ಲಿ ಬರುವುದಿಲ್ಲ. ಮೂರು ವರ್ಷ ದಾಟಿದ ಮಗುವಿನ ಅಪ್ಪನಾಗಿ ನಾನು ತುಳು ಆಡಿಯೇ ಇಲ್ಲ, ನೋಡಿ. ಕನ್ನಡದಲ್ಲಿ ಸಮಾಧಾನ ಮಾಡಿದೆ. ಕಾನೂನು ಹನ್ನೊಂದನೇ ದಿನಕ್ಕೆ ಮುರಿದು ಬಿತ್ತು. ಮುರಿದದ್ದು ನಾನೇ.

ಆಮೇಲಿನ ಒಂದು ವರ್ಷ ಚೂರುಪಾರು ಪ್ರಯತ್ನಗಳು. ಯೂಟ್ಯೂಬಿನಲ್ಲಿ ತುಳು ಕಾಮಿಡಿ ತುಣುಕು ಹಾಕಿ ಕೊಟ್ಟೆ. ಮಗ ಅದರಿಂದ ಎರಡು ಬೈಗುಳ ಕಲಿತು ಲಿಫ್ಟಿನಲ್ಲಿ ಪ್ರಯೋಗಿಸಿದ. ಅಲ್ಲಿದ್ದವರಲ್ಲಿ ಒಬ್ಬರು ಪುತ್ತೂರಿನವರು ಅಂತ ಆಗಲೇ ಗೊತ್ತಾದದ್ದು. ದಕ್ಷಿಣ ಕನ್ನಡ, ಉಡುಪಿಯ ಕೆಲವು ಶಾಲೆಗಳಲ್ಲಿ 2010ರಿಂದ ಆರನೇ ಕ್ಲಾಸಿಗೆ ತುಳುವನ್ನು ಮೂರನೇ ಭಾಷೆಯಾಗಿ ತೆಗೆದುಕೊಳ್ಳಬಹುದು. ಅಣ್ಣನ ಮಗನ ಹಳೇ ತುಳು ಪಠ್ಯಪುಸ್ತಕ ತರಿಸಿಕೊಂಡೆ. ಮಗಳಿಗೆ ಕನ್ನಡ ಲಿಪಿ ಬರುವುದರಿಂದ ಪಟಪಟ ಓದಿದಳು. ಅರ್ಥ ಕೇಳಿದರೆ ಭುಜ ಕುಣಿಸಿದಳು. ತುಳು ಲಿಪಿಯೂ ಮನೆಗೆ ಬಂತು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿದಾಗ ಊರಿನ ಗೆಳೆಯರೆಲ್ಲ ಸಂಭ್ರಮಪಟ್ಟರು, ನಾನೂ ಪಟ್ಟೆ. ಮಗಳು ಅದರ ಅಕ್ಷರ ನೋಡಿಕೊಂಡು ತನ್ನ ಹೆಸರು ಬರೆಯಲು ಕಲಿತಳು. ಕ್ಲಾಸಿನಲ್ಲಿ ಗೆಳತಿಗೆ ಗುಟ್ಟಿನ ಚೀಟಿ ಬರೆಯಲು ಬಳಸಿದಳು. ಚೀಟಿಯ ಒಳಗಿದ್ದ ಭಾಷೆ ಇಂಗ್ಲಿಷ್. ಲಿಪಿಯ ಬಗ್ಗೆ ನಮ್ಮವರಿಗೆ ಇರುವ ಉತ್ಸಾಹದಲ್ಲಿ ಕಾಲುಭಾಗ ಮಕ್ಕಳ ಜೊತೆ ಮಾತಾಡುವುದರಲ್ಲಿ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಇದು ನನಗೂ ಸೇರಿಸಿಯೇ ಹೇಳಿದ್ದು.

ಕೆಲಸಕ್ಕೆ ಬಂದದ್ದು ಮೀನಿನ ಅಂಗಡಿ. ನಮ್ಮ ಏರಿಯಾದಲ್ಲಿ ಕರಾವಳಿಯವರದ್ದೊಂದು ಅಂಗಡಿ ಇದೆ. ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಅವಳ ಕೆಲಸ ಒಂದೇ: ‘ಬೂತಾಯಿ ಏತ್?’ ಅಂತ ರೇಟು ಕೇಳುವುದು. ಅಂಗಡಿಯವರು ಅವಳು ಕೇಳದೆ ಮೀನು ತೂಗುತ್ತಿರಲಿಲ್ಲ. ಅವರಿಗೆ ಕನ್ನಡದ ಮರ್ಯಾದೆ ತೋರಿಸುವ ಪುರುಸೊತ್ತು ಇರಲಿಲ್ಲ, ಹಿಂದೆ ಕ್ಯೂ ಇರುತ್ತಿತ್ತು. ಅದೇ ಒಳ್ಳೆಯದಾಯಿತು. ಒಂದು ದಿನ ಮೀನು ತೆಗೆದುಕೊಂಡು ಹೊರಡುವಾಗ ಮಗಳು ತಾನಾಗಿ, ಯಾರೂ ಹೇಳಿಕೊಡದೆ, ದೊಡ್ಡವರ ಹಾಗೆ ‘ನಮ ಪೋಯಿ’ ಅಂದಳು. ಅಂಗಡಿಯವರು ಕತ್ತಿ ಕೆಳಗಿಟ್ಟು, ‘ಯಾನ್ಲಾ ಬರೊಡಾ?’ ಅಂದರು. ನಾನೂ ಬರ್ಬೇಕಾ? ಅಂತ. ಕ್ಯೂನಲ್ಲಿದ್ದ ಅರ್ಧ ಜನ ನಕ್ಕರು.

ಮಗಳಿಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಕೇಳಿದಳು. ತುಳುವಿನಲ್ಲಿ ‘ನಾವು’ ಅನ್ನುವುದಕ್ಕೆ ಎರಡು ಪದ ಇದೆ. ಯಾರ ಜೊತೆ ಮಾತಾಡುತ್ತಿದ್ದೇವೋ ಅವರನ್ನೂ ಸೇರಿಸಿಕೊಂಡರೆ ‘ನಮ’. ಅವರನ್ನು ಬಿಟ್ಟು ನಾವು ನಾವೇ ಆದರೆ ‘ಎಂಕುಲು’. ‘ನಮ ಪೋಯಿ’ ಅಂದರೆ ನೀವೂ ಬನ್ನಿ, ಹೋಗೋಣ ಅಂತ. ಅವಳು ಹೇಳಬೇಕಿದ್ದದ್ದು ‘ಎಂಕುಲು ಪೋಪ’. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಇಲ್ಲ, ನಾವು ಮನೆಯಲ್ಲಿ ಆಡುವ ಕನ್ನಡದಲ್ಲೂ ಒಂದೇ ‘ನಾವು’. ಇದು ಅವಳಿಗೆ ಹಿಡಿಸಿತು. ಮನೆಗೆ ಬಂದು ತಮ್ಮನಿಗೆ ‘ಎಂಕುಲು ಐಸ್‌ಕ್ರೀಮ್ ತಿನ್ಪ’ ಅಂದಳು. ಅವನಿಗೆ ಪದದ ಅರ್ಥ ಗೊತ್ತಿಲ್ಲದಿದ್ದರೂ ತಾನು ಅದರಲ್ಲಿ ಇಲ್ಲ ಅಂತ ಮಾತ್ರ ಹೇಗೋ ಗೊತ್ತಾಗಿ ಕೂಗಾಡಿದ.

ಆದರೆ ವಾರಕ್ಕೊಂದು ಮೀನಿನ ಅಂಗಡಿಯಿಂದ ಭಾಷೆ ನಡೆಯುವುದಿಲ್ಲ. ನಿಜವಾದ ತಿರುವು ಬಂದದ್ದು ಹೆಂಡತಿಯಿಂದ. ಅದೂ ಒಂದು ಜಗಳದಿಂದ.

ಒಂದು ರಾತ್ರಿ ನಾನು ಎಂದಿನ ಹಾಗೆ ಗೋಳು ತೋಡಿಕೊಳ್ಳುತ್ತಿದ್ದೆ. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷದ 46 ಸಾವಿರ, ಆದರೂ ಯುನೆಸ್ಕೋದ ಪಟ್ಟಿಯಲ್ಲಿ ತುಳು ಅಪಾಯದ ಅಂಚಿನ ಭಾಷೆ, ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು, ತುಳು ಇನ್ನೂ ಇಲ್ಲ ಅಂತೆಲ್ಲ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಿ ಹೇಳಿದಳು: ‘ನಿಮ್ಮದು ಹೋದ್ರ ಭಾಷಾ ಹೋತು ಅಂತ ಅಳತೀರಿ. ನಮ್ಮದು ಹೋದ್ರ ಯಾರರ ಅಳತಾರೇನ್ರಿ? ನಮ್ಮವ್ವ ಬಾ ಕುಂದ್ರು ಅಂದ್ರ ನನ್ನ ಮಕ್ಕಳಿಗೆ ತಿಳೀವಲ್ದು.’

ನಾನು ಸುಮ್ಮನಾದೆ. ಅದು ನಿಜ. ನಮ್ಮ ಮಕ್ಕಳು ಆಡುವುದು ಬೆಂಗಳೂರು ಕನ್ನಡ. ನನ್ನ ಜೊತೆ ಮಾತಾಡಲು ಅವಳು ಹತ್ತು ವರ್ಷದಿಂದ ತನ್ನ ಕನ್ನಡವನ್ನು ಸವೆಸುತ್ತಾ ಬಂದಿದ್ದಳು. ಲಗೂನ ಅನ್ನುವುದು ಬೇಗ ಆಗಿತ್ತು. ಕುಂದ್ರು ಅನ್ನುವುದು ಕೂತ್ಕೋ ಆಗಿತ್ತು. ಅವಳ ಪಾಲಿಗೆ ಜನಗಣತಿಯಲ್ಲಿ ಕಾಲಂ ಕೂಡ ಇಲ್ಲ. ಕನ್ನಡ ಅಂತ ಬರೆದರೆ ಮುಗಿಯಿತು. ಮನೆಯಲ್ಲಿ ಮಾಸುತ್ತಿದ್ದ ಭಾಷೆ ಒಂದಲ್ಲ, ಎರಡು. ನನಗೆ ಕಂಡದ್ದು ನನ್ನದು ಮಾತ್ರ.

ಜನಗಣತಿ ಅಂದೆನಲ್ಲ, ಅದರ ಒಂದು ತಮಾಷೆ ಇದೆ. ಅವರ ಲೆಕ್ಕದಲ್ಲಿ ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಹಾಗಾದರೆ ನನ್ನ ಮಕ್ಕಳದ್ದು ಕನ್ನಡ, ಅನುಮಾನವೇ ಇಲ್ಲ. ಅದರ ಮೇಲೆ ಗೊತ್ತಿರುವ ಬೇರೆ ಭಾಷೆ ಎರಡನ್ನು ಬರೆಸಬಹುದು. ಇಂಗ್ಲಿಷ್, ಹಿಂದಿ. ಜಾಗ ಮುಗಿಯಿತು. 2027ಕ್ಕೆ ಮತ್ತೆ ಎಣಿಸಲು ಬರುತ್ತಾರೆ. ಹಿಂದಿಯನ್ನು ಬಿಡಿಸಿ ತುಳು ಬರೆಸೋಣ ಅಂದರೆ ಮಗಳು, ‘ಹಿಂದಿ ನಂಗೆ ಜಾಸ್ತಿ ಬರುತ್ತಲ್ಲ ಪಪ್ಪಾ’ ಅನ್ನುತ್ತಾಳೆ.

ಜಗಳದ ಮರುದಿನ ಹೆಂಡತಿ ಒಂದು ಒಪ್ಪಂದ ಮುಂದಿಟ್ಟಳು. ನೀವು ಮಕ್ಕಳ ಜೊತೆ ಆಡುವುದು ಬಿಡ್ರಿ, ನನ್ನ ಜೊತೆ ತುಳು ಆಡ್ರಿ. ನಾನು ನಿಮ್ಮ ಜೊತೆ ನಮ್ಮ ಮಾತು ಆಡ್ತೀನಿ. ತಿದ್ದಬ್ಯಾಡ್ರಿ. ನಾನು ಮೊದಲು ನಕ್ಕೆ. ಆಮೇಲೆ ಯೋಚಿಸಿದರೆ, ನಮ್ಮ ಮನೆಯಲ್ಲಿ ಮಕ್ಕಳು ತುಳುವನ್ನು ಆದೇಶವಾಗಿ ಮಾತ್ರ ಕೇಳಿದ್ದರು. ಬಾ, ಹೋಗು, ತಿನ್ನು, ಮಲಗು. ಇಬ್ಬರು ದೊಡ್ಡವರು ಕೂತು ತುಳುವಿನಲ್ಲಿ ಹರಟುವುದನ್ನು, ಗುಟ್ಟು ಆಡುವುದನ್ನು, ಜಗಳವಾಡುವುದನ್ನು ಅವರು ಕೇಳಿಯೇ ಇರಲಿಲ್ಲ. ನಾನು ತುಳು ಕಲಿತದ್ದು ಹೇಗೆ? ಯಾರೂ ನನಗೆ ಅಂತ ಹೇಳಿದ್ದಲ್ಲ. ದೊಡ್ಡವರ ಮಾತಿಗೆ ಕಿವಿ ಕೊಟ್ಟು ಕದ್ದದ್ದೇ ಜಾಸ್ತಿ.

ಆಮೇಲೆ ಓದಿದಾಗ ಇದಕ್ಕೆ ಆಧಾರವೂ ಸಿಕ್ಕಿತು. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಅನಿಕ್ ಡೆ ಹೌವರ್ ಅನ್ನುವ ಸಂಶೋಧಕಿ ಸುಮಾರು 1,900 ಕುಟುಂಬಗಳನ್ನು ಕೇಳಿ 2007ರಲ್ಲಿ ಪ್ರಕಟಿಸಿದ್ದರು. ಹೊರಗಿನ ಭಾಷೆಯ ಜೊತೆ ಮನೆಯಲ್ಲಿ ಇನ್ನೊಂದು ಭಾಷೆ ಇದ್ದ ಕುಟುಂಬಗಳು ಅವು. ಅದರಲ್ಲಿ ಸುಮಾರು ಕಾಲುಭಾಗ ಕುಟುಂಬಗಳಲ್ಲಿ ಮಕ್ಕಳು ಆ ಮನೆಯ ಭಾಷೆಯನ್ನು ಮಾತಾಡುತ್ತಲೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಅದನ್ನು ಆಡುತ್ತಿದ್ದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಒಬ್ಬರಿಗೆ ಒಂದು ಭಾಷೆ ಅನ್ನುವ ಸೂತ್ರ ಪ್ರತಿ ಮನೆಯಲ್ಲೂ ನಡೆಯುವುದಿಲ್ಲ. ನಾನು ಆ ರೊಂಜಾನನ್ನು ಮನಸ್ಸಿನಲ್ಲೇ ಬೀಳ್ಕೊಟ್ಟೆ.

ಹೆಂಡತಿಯ ತುಳುವನ್ನು ಕೇಳಬೇಕು ಮಾರಾಯ್ರೆ. ಮೊದಲ ರಾತ್ರಿ ಊಟದ ಹೊತ್ತಿಗೆ ಬಂದು, ‘ಒಣಸ್ ಆಂಡೇನ್ರಿ?’ ಅಂದಳು. ನಾನು ಒಪ್ಪಂದದ ಪ್ರಕಾರ ತಿದ್ದಲಿಲ್ಲ. ಅನ್ನ ಕಲಸುತ್ತಾ ಕೂತಿದ್ದೆ. ಆಗ ಪಕ್ಕದಿಂದ ಮಗಳು, ‘ಆಂಡೇನ್ರಿ ಅತ್ತ್ ಅಮ್ಮಾ, ಆಂಡಾ!’ ಅಂದಳು.

ತುತ್ತು ಕೈಯಲ್ಲೇ ಉಳಿಯಿತು. ‘ಅತ್ತ್’ ಅನ್ನುವ ಪದವನ್ನು, ಅಲ್ಲ ಅನ್ನುವುದಕ್ಕೆ, ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅದು ಅವಳ ತಲೆಯೊಳಗೆ ಎಲ್ಲೋ ಇತ್ತು. ತಪ್ಪು ಮಾಡುವ ಒಬ್ಬರು ಬೇಕಿತ್ತು, ಅಷ್ಟೇ. ಅಪ್ಪನ ಎದುರು ಅವಳು ಯಾವಾಗಲೂ ತಪ್ಪು ಮಾಡುವವಳು. ಅಮ್ಮನ ಎದುರು ಅವಳೇ ಮೇಷ್ಟ್ರು. ಆ ಮೇಷ್ಟ್ರಗಿರಿ ಅವಳಿಗೆ ಭಾರೀ ಹಿಡಿಸಿತು. ಹೆಂಡತಿ ಕೆಲವು ತಪ್ಪುಗಳನ್ನು ಬೇಕೆಂದೇ ಮಾಡುತ್ತಾಳೆ ಅಂತ ನನಗೆ ಅನುಮಾನ. ಕೇಳಿದರೆ ಒಪ್ಪುವುದಿಲ್ಲ.

ನಾನೂ ಧಾರವಾಡದ ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಿದ್ದೇನೆ. ಅತ್ತೆಗೆ ಫೋನಿನಲ್ಲಿ ‘ಆರಾಮ ಇದ್ದೀರೇನ್ರಿ?’ ಅಂದರೆ ಅವರು ಆ ಕಡೆಯಿಂದ ನಕ್ಕು ನಕ್ಕು ಫೋನನ್ನು ಮಾವನಿಗೆ ಕೊಡುತ್ತಾರೆ. ಮಕ್ಕಳು ನನ್ನ ‘ಮಾಡಾಕತ್ತೀನಿ’ಯನ್ನು ಅಣಕಿಸುತ್ತಾರೆ. ಅಣಕಿಸಲು ಅವರೂ ಅದನ್ನು ಹೇಳಲೇಬೇಕಲ್ಲ.

ಎಲ್ಲ ಸರಿಹೋಯಿತು ಅಂತ ಅಲ್ಲ. ಮಗಳ ತುಳು ಕುಂಟುತ್ತದೆ. ಕಳೆದ ವರ್ಷ ಅಣ್ಣ ವಾಟ್ಸಾಪಿನಲ್ಲಿ ‘ಬತ್ತೆ’ ಅಂತ ಒಂದೇ ಪದ ಕಳಿಸಿದ. ಮಗಳು ಓದಿ, ‘ಯಾರು ಬಂದ್ರು? ದೊಡ್ಡಪ್ಪನಾ, ಬೇರೆ ಯಾರಾದ್ರೂನಾ?’ ಅಂದಳು. ಒಳ್ಳೆಯ ಪ್ರಶ್ನೆ. ತುಳುವಿನಲ್ಲಿ ನಾನು ಬಂದೆ ಅನ್ನುವುದಕ್ಕೂ ಅವನು ಬಂದ ಅನ್ನುವುದಕ್ಕೂ ಇರುವ ವ್ಯತ್ಯಾಸ ಕೊನೆಯ ಸ್ವರದಲ್ಲಿ. ಒಂದರಲ್ಲಿ ಬಾಯಿ ಸ್ವಲ್ಪ ಜಾಸ್ತಿ ತೆರೆಯುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ‘ಬತ್ತೆ’ಯೇ. ಕಿವಿಗೆ ಕೇಳಿ ಕಲಿತವರಿಗೆ ಮಾತ್ರ ಗೊತ್ತಾಗುವ ವಿಷಯ. ನಾನು ಎರಡನ್ನೂ ಹೇಳಿ ತೋರಿಸಿದೆ. ಅವಳಿಗೆ ವ್ಯತ್ಯಾಸ ಕೇಳಿಸಲಿಲ್ಲ. ಮತ್ತೆ ಹೇಳಿದೆ. ‘ಎರಡೂ ಒಂದೇ ಅಲ್ವಾ?’ ಅಂದಳು. ಈಗಲೂ ಅವಳು ಎರಡನ್ನೂ ಒಂದೇ ಥರ ಹೇಳುತ್ತಾಳೆ. ಅಜ್ಜಿ ಅರ್ಥ ಮಾಡಿಕೊಳ್ಳುತ್ತಾರೆ. ಅವಳ ಮಕ್ಕಳ ಬಾಯಲ್ಲಿ ಆ ಸ್ವರ ಇರುವುದಿಲ್ಲ ಅಂತ ನನಗೆ ಗೊತ್ತು.

ಮಗನದ್ದು ಬೇರೆಯೇ ದಾರಿ. ಅವನಿಗೆ ಎಲ್ಲ ಅರ್ಥ ಆಗುತ್ತದೆ. ಉತ್ತರ ಮಾತ್ರ ಕನ್ನಡದಲ್ಲಿ. ಎಲ್ಲಿಗೆ ಹೋಗ್ತೀಯಾ ಅಂತ ‘ಓಡೆ ಪೋಪ?’ ಅಂದರೆ ‘ಸೈಕಲ್ ಹೊಡೆಯೋಕೆ’ ಅನ್ನುತ್ತಾನೆ. ನಾನು ಒತ್ತಾಯ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಅಂತ ಹೇಳಿದರೂ ಒಳಗೊಳಗೆ ಕಾಯುತ್ತಿರುತ್ತೇನೆ.

ಈ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆವು. ಒಂದು ರಾತ್ರಿ ಗಾಳಿ ಮಳೆ ಜೋರಾಗಿ ಬಂತು. ಬೆಳಿಗ್ಗೆ ಗುಡ್ಡೆಯ ಕಾಟು ಮಾವಿನ ಮರದ ಕೆಳಗೆ ಹಣ್ಣು ಬಿದ್ದಿರುತ್ತದೆ. ತುಳುವಿನಲ್ಲಿ ಮಾವಿಗೆ ಕುಕ್ಕು ಅನ್ನುತ್ತಾರೆ. ಅಮ್ಮ ಬುಟ್ಟಿ ಹಿಡಿದುಕೊಂಡು ಹೊರಟರು. ಮಗಳು ಹಿಂದೆ, ಅವಳ ಹಿಂದೆ ಮಗ. ಇಬ್ಬರ ಕಾಲಿನಲ್ಲೂ ದೊಡ್ಡವರ ಚಪ್ಪಲಿ. ನಾನೂ ಚಾ ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದೆ. ಚಿಕ್ಕಂದಿನಲ್ಲಿ ಆ ಮರದ ಕೆಳಗೆ ನಾನು ಹೆಕ್ಕದ ಹಣ್ಣಿಲ್ಲ.

ಮಗ ತಿರುಗಿ ನೋಡಿದ. ಬುಟ್ಟಿಯಲ್ಲಿ ಹಣ್ಣು ಹಂಚಿಕೊಳ್ಳಲು ಒಬ್ಬರು ಜಾಸ್ತಿ ಆಗುತ್ತಾರೆ ಅಂತ ಲೆಕ್ಕ ಹಾಕಿದನೋ ಏನೋ. ಕೈ ಅಡ್ಡ ಹಿಡಿದು, ‘ಪಪ್ಪಾ, ಈ ಬರೊಡ್ಚಿ. ಎಂಕುಲು ಪೋಪ’ ಅಂದ.

ಅಪ್ಪನಿಗೆ ‘ಈರ್’, ಅಂದರೆ ನೀವು ಅನ್ನಬೇಕು, ಅವನು ನೀನು ಅನ್ನುವ ‘ಈ’ ಅಂದಿದ್ದಾನೆ. ತಿದ್ದಲಿಲ್ಲ. ‘ನಮ’ ಅನ್ನಲಿಲ್ಲವಲ್ಲ, ‘ಎಂಕುಲು’ ಅಂದನಲ್ಲ. ಅಮ್ಮ ಅವನ ತಲೆ ಸವರಿ, ನನ್ನ ಕಡೆ ನೋಡದೆ, ಗುಡ್ಡೆಯ ಕಡೆ ನಡೆದರು. ನಾನು ಚಪ್ಪಲಿ ಬಿಟ್ಟು ವಾಪಸ್ ಜಗಲಿಗೆ ಬಂದು ಕೂತೆ. ಚಾ ಇನ್ನೂ ಬಿಸಿ ಇತ್ತು.